ಅನ್ನ ಬಿಡುವ ಪಥ್ಯ: ಲಂಡನ್ನಿನಿಂದ ಕಾಸರಗೋಡಿನವರೆಗೆ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಈಗ ಮದುವೆಯೂಟಕ್ಕೆ ಕೂತವರಲ್ಲೂ ಅನ್ನ ಬೇಡವೆನ್ನುವವರಿದ್ದಾರೆ. ಒಬ್ಬರು ಅದನ್ನು ಕೀಟೊ ಎನ್ನುತ್ತಾರೆ, ಇನ್ನೊಬ್ಬರು ಎಲ್‌ಸಿಎಚ್‌ಎಫ್ (ಕಾರ್ಬೋಹೈಡ್ರೇಟ್ ಕಡಿಮೆ, ಕೊಬ್ಬು ಹೆಚ್ಚು), ಮತ್ತೊಬ್ಬರು ಬರೀ ಡಯಟ್. ಹೆಸರುಗಳ ಜೊತೆ ಪ್ರಮಾಣವೂ ಕಲಸಿಹೋಗಿದೆ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ತಿಂದರೆ ಸಾಮಾನ್ಯವಾಗಿ ಲೋ ಕಾರ್ಬ್. 20ರಿಂದ 50 ಗ್ರಾಂಗೆ ಇಳಿಸಿದರೆ ಕೀಟೊ; ಆಗ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಇಂಧನ ಮಾಡಿಕೊಳ್ಳುತ್ತದೆ. ಇವೆರಡರ ಲಾಭವೂ ಅಪಾಯವೂ ಒಂದೇ ಅಲ್ಲ.

1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಬ್ರೆಡ್, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿದ ಬಗೆಯನ್ನು ಅಚ್ಚು ಹಾಕಿಸಿದರು. 1920ರ ದಶಕದಲ್ಲಿ ಕೀಟೊ ಅಪಸ್ಮಾರದ ಚಿಕಿತ್ಸೆಯಾಯಿತು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ ಲೋ ಕಾರ್ಬ್ ಪಥ್ಯವನ್ನು ಮನೆಮಾತಾಗಿಸಿದರು. ನಮ್ಮಲ್ಲಿಗೆ ಬಂದದ್ದು ಮಾತ್ರ ತೀರಾ ಈಚೆಗೆ, ಮಲಯಾಳಂ ವೀಡಿಯೊ, ವಾಟ್ಸ್ಆ್ಯಪ್ ಮತ್ತು ಗಲ್ಫಿನ ನೆಂಟರ ಮೂಲಕ.

ಮೊದಲ ವಾರದಲ್ಲೇ ಒಂದೆರಡು ಕಿಲೋ ಇಳಿಯುವುದರಿಂದ ನಂಬಿಕೆ ಗಟ್ಟಿಯಾಗುತ್ತದೆ. ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನಿನ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಗ್ಲೈಕೋಜನ್ ಖರ್ಚಾದಂತೆ ನೀರೂ ಉಪ್ಪೂ ಮೂತ್ರದಲ್ಲಿ ಹೋಗುತ್ತವೆ. ತಲೆನೋವು, ಸುಸ್ತು, ಎದ್ದು ನಿಂತಾಗ ತಲೆಸುತ್ತು ಬರುವುದು ಇದರಿಂದಲೇ. ರಕ್ತದೊತ್ತಡದ ಮಾತ್ರೆ ತಿನ್ನುವವರಿಗೆ ಇದು ಇನ್ನೂ ಜೋರು.

ದೀರ್ಘಕಾಲದ ಲೆಕ್ಕ ಅಷ್ಟು ರೋಚಕವಲ್ಲ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 609 ಜನರನ್ನು ಒಂದು ವರ್ಷದ ಪಥ್ಯಕ್ಕೆ ಸೇರಿಸಿಕೊಂಡಿದ್ದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಗಣನೀಯ ವ್ಯತ್ಯಾಸವೇನಿಲ್ಲ. ಆದರೂ ಸಕ್ಕರೆ ಕಾಯಿಲೆ ಇರುವವರಲ್ಲಿ ಊಟದ ನಂತರದ ಶುಗರ್, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಇಳಿಯುವುದು ನಿಜವಾದ ಲಾಭ, ಅದನ್ನು ಅಲ್ಲಗಳೆಯಬಾರದು.

ಅದಕ್ಕೆ ಅನ್ನ ಪೂರ್ತಿ ಬಿಡಲೇಬೇಕಿಲ್ಲ. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಮಧ್ಯಾಹ್ನದ 300 ಗ್ರಾಂ ಅನ್ನವನ್ನು 100ಕ್ಕೆ ಇಳಿಸಿ, ಉಳಿದ ಜಾಗವನ್ನು ಬೂತಾಯಿ, ಬಂಗುಡೆ ಮೀನು, ಮೊಟ್ಟೆ, ಬಸಳೆ, ತೊಂಡೆಕಾಯಿ ಪಲ್ಯದಿಂದ ತುಂಬಿದರೆ ಒಂದೇ ಹೊತ್ತಿನಲ್ಲಿ 56 ಗ್ರಾಂ ಕಡಿಮೆಯಾಗುತ್ತದೆ. ಕುಚ್ಚಲಕ್ಕಿ ಆದರೆ ಪರವಾಗಿಲ್ಲ ಎಂಬುದು ತಪ್ಪು ತಿಳಿವಳಿಕೆ. ಬೆಳ್ತಿಗೆಗೂ (ಬಿಳಿ ಅಕ್ಕಿ) ಅದಕ್ಕೂ ಕಾರ್ಬೋಹೈಡ್ರೇಟಿನಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಅನ್ನದ ಬದಲು ಮರಗೆಣಸು ತಿಂದರೆ ಲೆಕ್ಕ ಏರುತ್ತದೆ. ಇನ್ನು 'ಕೊಬ್ಬು ಎಷ್ಟಾದರೂ ತಿನ್ನಿ' ಎಂದು ತೆಂಗಿನೆಣ್ಣೆ ಕುಡಿಯುವುದು ಬೇಡವೇ ಬೇಡ. ಅದರಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು. ಕೆಲವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ವಿಪರೀತ ಏರುತ್ತದೆ. ಶುರು ಮಾಡುವ ಮೊದಲೊಮ್ಮೆ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಅತಿ ಕಡಿಮೆ ಗಮನ ಸಿಕ್ಕಿರುವುದು ಸಕ್ಕರೆ ಕಾಯಿಲೆಯ ಮದ್ದುಗಳಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೊದಲಿನ ಪ್ರಮಾಣದಲ್ಲೇ ಇಟ್ಟು ಅನ್ನ ಬಿಟ್ಟರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು; ಡೋಸ್ ಇಳಿಸುವುದು ವೈದ್ಯರ ಕೆಲಸ, ವಾಟ್ಸ್ಆ್ಯಪ್ ಗ್ರೂಪಿನವರದ್ದಲ್ಲ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಬಹಳ ಜನ ತಿನ್ನುತ್ತಿದ್ದಾರೆ. ಇವುಗಳ ಜೊತೆ ಕೀಟೊ ಮಾಡಿದರೆ ಕೀಟೋನ್ ಅತಿಯಾಗಿ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರುವ ಅಪಾಯವಿದೆ, ಮತ್ತು ಆಗ ಗ್ಲೂಕೋಮೀಟರ್ 200ಕ್ಕಿಂತ ಕಡಿಮೆಯನ್ನೇ ತೋರಿಸಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಕಂಡರೆ ಶುಗರ್ ಸರಿಯಿದೆಯೆಂದು ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರನ್ನೂ ಅನ್ನ ಬಿಟ್ಟಿರುವುದನ್ನೂ ಮೊದಲೇ ಹೇಳಿ, ರಕ್ತದ ಕೀಟೋನ್ ಪರೀಕ್ಷೆ ಕೇಳಬೇಕು.