ಡಿಫೈನ್ ಮಾಡಿದರೂ ಎಸ್‌ಕ್ಯೂಲೈಟ್‌ಗೆ ಯಾಕೆ ತಟ್ಟುವುದಿಲ್ಲ?

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಲಾಟ್ ವಿವರ ಹುಡುಕಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯೂಲೈಟ್‌ನ ಸೋರ್ಸ್ ಫೈಲನ್ನೇ ಪ್ರಾಜೆಕ್ಟ್ ಒಳಗೆ ಇಟ್ಟುಕೊಂಡಿದ್ದೇನೆ. ಪಠ್ಯದೊಳಗಿನ ಪದ ಹುಡುಕುವ ಅದರ ಎಫ್‌ಟಿಎಸ್5 ಮಾಡ್ಯೂಲ್ ಬೇಕೆಂದು, ಅದನ್ನು ಆನ್ ಮಾಡುವ ಮ್ಯಾಕ್ರೋವನ್ನು (ಕಂಪೈಲರ್‌ಗೆ ಕೊಡುವ ಗುರುತು ಹೆಸರು) ಮೇನ್ ಫೈಲಿನ ಮೊದಲ ಸಾಲಲ್ಲೇ ಡಿಫೈನ್ ಮಾಡಿದೆ. ಆದರೂ ಅಂಥ ಮಾಡ್ಯೂಲ್ ಇಲ್ಲ ಅಂತ ಎರರ್ ಬರುತ್ತೆ. ಯಾಕೆ ಸಾರ್?

ಉತ್ತರ: ಸಾಲು ಸರಿ ಇದೆ, ಬರೆದ ಜಾಗ ತಪ್ಪಾಗಿದೆ. ಗೂಡಿನ ಮಾರುಕಟ್ಟೆ ನೋಡಿದ್ದೀರಲ್ವಾ? ಒಂದು ಲಾಟಿಗೆ ನಿಂತ ರೇಟು ಪಕ್ಕದ ಲಾಟಿಗೆ ಅನ್ವಯಿಸುವುದಿಲ್ಲ. ಸಿ ಕಂಪೈಲರ್ ಕೂಡ ಒಂದೊಂದು ಫೈಲನ್ನು ಬೇರೆ ಬೇರೆಯಾಗಿಯೇ ಓದುತ್ತದೆ. ಮೇನ್ ಫೈಲಿನ ಡಿಫೈನ್ ಆ ಫೈಲಿಗಷ್ಟೇ. ಎಫ್‌ಟಿಎಸ್5 ಕೋಡ್ ಇರುವುದು ಎಸ್‌ಕ್ಯೂಲೈಟ್‌ನ ಆ ದೊಡ್ಡ ಸಿ ಫೈಲಿನಲ್ಲಿ. ಅದು ಕಂಪೈಲ್ ಆಗುವಾಗ ಮ್ಯಾಕ್ರೋ ಕಾಣಲಿಲ್ಲ, ಆ ಭಾಗವನ್ನು ಬಿಟ್ಟೇ ಮುಂದೆ ಹೋಯಿತು.

ಹಾಗಂತ ಎಸ್‌ಕ್ಯೂಲೈಟ್ ಫೈಲನ್ನೇ ತಿದ್ದಬೇಡಿ, ದಯವಿಟ್ಟು. ಒಂದಲ್ಲ ಒಂದು ದಿನ ಅದನ್ನು ಬದಲಿಸಲೇಬೇಕಾಗುತ್ತೆ. ಉದಾಹರಣೆಗೆ, 2022ರ ಮಾರ್ಚ್‌ನಲ್ಲಿ ಡೇಟಾ ಕುಗ್ಗಿಸುವ ಲೈಬ್ರರಿಯಾದ ಜೆಡ್‌ಲಿಬ್‌ನ 1.2.12 ಆವೃತ್ತಿ ಬಂದು, ಮೆಮೊರಿ ಹಾಳುಮಾಡುತ್ತಿದ್ದ ಒಂದು ದೋಷವನ್ನು ಸರಿಪಡಿಸಿತು. ಅದರ ಪ್ರತಿಯನ್ನು ತಮ್ಮ ಪ್ರಾಜೆಕ್ಟ್ ಒಳಗೆ ಇಟ್ಟುಕೊಂಡವರಿಗೆ ಸಿಸ್ಟಂ ಅಪ್‌ಡೇಟ್‌ನಿಂದ ಏನೂ ಸಿಗಲಿಲ್ಲ, ತಾವೇ ಹೊಸ ಫೈಲ್ ತಂದು ಹಾಕಬೇಕಾಯಿತು. ಅಂಥ ದಿನ ನಿಮ್ಮ ಕೈತಿದ್ದು ಅಳಿಸಿಹೋಗುತ್ತೆ. ಅದರ ಬದಲು, ಪ್ರೋಗ್ರಾಂ ಕಟ್ಟುವ ಮೇಕ್ ಟೂಲ್‌ಗೆ ಸೂಚನೆ ಬರೆದಿಡುವ ಮೇಕ್‌ಫೈಲ್‌ನಲ್ಲಿ, ಕಂಪೈಲರ್‌ಗೆ ಕೊಡುವ ಮೈನಸ್ ಡಿ ಫ್ಲ್ಯಾಗ್ ಜತೆ ಮ್ಯಾಕ್ರೋ ಬರೆಯಿರಿ.

ಜಾಸ್ತಿ ಜನ ಎಡವುವುದು ಇದಾದ ಮೇಲೆ. ನಾನೂ ಒಂದು ಇಡೀ ರಾತ್ರಿ ಇಲ್ಲೇ ಕಳೆದಿದ್ದೇನೆ. ಮೇಕ್ ನೋಡುವುದು ಫೈಲುಗಳ ಸಮಯವನ್ನು ಮಾತ್ರ, ಫ್ಲ್ಯಾಗ್ ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಸಿ ಫೈಲ್ ಹಾಗೇ ಇದೆಯಲ್ಲ ಎಂದು ಹಿಂದೆ ಕಂಪೈಲ್ ಆಗಿ ಉಳಿದ ಹಳೇ ಆಬ್ಜೆಕ್ಟ್ ಫೈಲನ್ನೇ ಲಿಂಕ್ ಮಾಡಿಬಿಡುತ್ತೆ. ಹಳೇ ಆಬ್ಜೆಕ್ಟ್ ಫೈಲುಗಳನ್ನು ಅಳಿಸಿ ಮತ್ತೆ ಕಟ್ಟಿ. ಇನ್ನೂ ಒಳ್ಳೆಯದೆಂದರೆ, ಆಬ್ಜೆಕ್ಟ್ ಫೈಲುಗಳು ಮೇಕ್‌ಫೈಲ್ ಮೇಲೂ ಅವಲಂಬಿಸಿವೆ ಎಂದು ಅದರಲ್ಲೇ ಬರೆದಿಡಿ.

ಸಿಸ್ಟಂನ ಹೆಚ್ಚುವರಿ ಫಂಕ್ಷನ್‌ಗಳನ್ನು ಬಳಸಲು ಡಿಫೈನ್ ಮಾಡುವ ಗ್ನೂ ಸೋರ್ಸ್ ಮ್ಯಾಕ್ರೋ ಮಾತ್ರ ಬೇರೆ ಥರ. ಅದನ್ನು ಓದುವುದು ಸಿಸ್ಟಂ ಹೆಡರ್‌ಗಳು. ಹಾಗಾಗಿ ಅದು ಬೇಕಾದ ಪ್ರತಿ ಫೈಲಿನಲ್ಲೂ ಮೊದಲ ಇನ್‌ಕ್ಲೂಡ್‌ಗಿಂತ ಮುಂಚೆಯೇ ಇರಬೇಕು.

ಈಗ ಎಸ್‌ಕ್ಯೂಲೈಟ್ ಯಾವ ಆಯ್ಕೆಗಳೊಂದಿಗೆ ಕಂಪೈಲ್ ಆಗಿದೆ ಎಂದು ತಿಳಿಸುವ ಪ್ರಾಗ್ಮಾ ಕಂಪೈಲ್ ಆಪ್ಷನ್ಸ್ ಕ್ವೆರಿಯನ್ನು ಪ್ರೋಗ್ರಾಂ ಒಳಗಿಂದ ಓಡಿಸಿ. ಪಟ್ಟಿಯಲ್ಲಿ ಎನೇಬಲ್ ಎಫ್‌ಟಿಎಸ್5 ಕಂಡರೆ ಫ್ಲ್ಯಾಗ್ ಸರಿಯಾದ ಫೈಲಿಗೇ ತಲುಪಿದೆ. ಕಾಣದಿದ್ದರೆ, ಮೇಕ್ ಪರದೆಯ ಮೇಲೆ ತೋರಿಸುವ ಕಂಪೈಲ್ ಸಾಲುಗಳಲ್ಲಿ ಎಸ್‌ಕ್ಯೂಲೈಟ್‌ನ ಸಾಲು ಹುಡುಕಿ, ಅದರಲ್ಲಿ ಮೈನಸ್ ಡಿ ಇದೆಯಾ ನೋಡಿ.