ಪದ ಪರಿಚಯ: ಧ್ವನಿತಂತುವಿನ ಇಂಜೆಕ್ಷನ್ ಮತ್ತು ‘ರೋಗಿಯ ತೃಪ್ತಿ’

ಇಂಜೆಕ್ಷನ್ ಆದ ಮೇಲೆ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಟ್ಟು ನೋಡುತ್ತಾರೆ. ಎರಡೂ ಧ್ವನಿತಂತುಗಳು ನೀಟಾಗಿ ಕೂಡುತ್ತಿವೆ. ಅವರ ಲೆಕ್ಕದಲ್ಲಿ ಕೆಲಸ ಆಯಿತು. ಕುರ್ಚಿಯಲ್ಲಿ ಕೂತವರು ಮಾತ್ರ ‘ಇದು ನನ್ನ ದನಿಯೇ ಅಲ್ಲ’ ಅನ್ನುತ್ತಾರೆ. ಇನ್ನೊಬ್ಬರಿಗೆ ನಡುವೆ ಸಣ್ಣ ಸಂದು ಉಳಿದಿರುತ್ತದೆ, ದನಿಯೂ ಸ್ವಲ್ಪ ಒರಟು. ಅವರು ಖುಷಿಯಾಗಿ ಮನೆಗೆ ಹೋಗುತ್ತಾರೆ. ಕ್ಯಾಮೆರಾದಲ್ಲಿ ಕಾಣದ ಈ ಸಂಗತಿಗೇ ವೈದ್ಯರ ಬರಹಗಳಲ್ಲಿ ‘ರೋಗಿಯ ತೃಪ್ತಿ’ ಅನ್ನುವುದು. ಕೇಳಲು ಯಾವುದೋ ಫೀಡ್‌ಬ್ಯಾಕ್ ಫಾರಂ ನೆನಪಾಗುತ್ತದೆ, ಅಲ್ವಾ? ಇಲ್ಲಿ ವಿಷಯ ಅಷ್ಟು ಹಗುರ ಅಲ್ಲ.

ಮೊದಲು ಇಂಜೆಕ್ಷನ್ ಯಾಕೆ ಅಂತ ನೋಡೋಣ. ‘ತಂತು’ ಅನ್ನುವ ಹೆಸರು ಕೇಳಿ, ವಾದ್ಯದ ತಂತಿಯ ಹಾಗೆ ಏನೋ ಇರಬೇಕು ಅಂದುಕೊಂಡವರೇ ಜಾಸ್ತಿ. ನಿಜಕ್ಕೂ ಅವು ಒಂದೆರಡು ಸೆಂಟಿಮೀಟರ್ ಉದ್ದದ ಎರಡು ಮೆತ್ತನೆಯ ಮಡಿಕೆಗಳು. ಉಸಿರಾಡುವಾಗ ಎರಡು ಕದದ ಬಾಗಿಲಿನಂತೆ ತೆರೆದಿರುತ್ತವೆ. ಮಾತಾಡುವಾಗ ಹತ್ತಿರ ಬಂದು, ಕೆಳಗಿಂದ ನುಗ್ಗುವ ಗಾಳಿಗೆ ಅದುರುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಒಂದು ಕದ ಅಲ್ಲಾಡದೆ ನಿಂತುಬಿಟ್ಟರೆ ಸಂದಿನಲ್ಲಿ ಗಾಳಿ ಸೋರುತ್ತದೆ. ದನಿ ಬರೀ ಪಿಸುಪಿಸು. ನಾಲ್ಕು ಮಾತಾಡುವುದರೊಳಗೆ ಏದುಸಿರು. ನೀರು ಕುಡಿದರೆ ನೆತ್ತಿಗೇರುತ್ತದೆ. ಆಗ ಕೆಮ್ಮೋಣ ಅಂದರೆ ಕೆಮ್ಮಿಗೂ ಬಲ ಇಲ್ಲ.

ಕದ ನಿಲ್ಲುವುದು ಹೆಚ್ಚಾಗಿ ನರದ ತೊಂದರೆಯಿಂದ. ಎಡ ತಂತುವಿನ ನರ ವಿಚಿತ್ರ ದಾರಿ ಹಿಡಿಯುತ್ತದೆ. ನೇರವಾಗಿ ಗಂಟಲಿಗೆ ಬರುವುದು ಬಿಟ್ಟು ಎದೆಯವರೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಕೆಳಗೆ ಸುತ್ತಿ, ಮತ್ತೆ ಮೇಲೆ ಹತ್ತುತ್ತದೆ. ಹಾಗಾಗಿ ಥೈರಾಯ್ಡ್ ಆಪರೇಷನ್ ಇರಲಿ, ಎದೆಯ ಆಪರೇಷನ್ ಇರಲಿ, ಶ್ವಾಸಕೋಶದ ಗಡ್ಡೆ ಇರಲಿ, ಏಟು ಬೀಳುವುದು ದನಿಗೆ. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ವಯಸ್ಸಾದವರಲ್ಲಿ ನರ ಸರಿಯಿದ್ದರೂ ತಂತು ಸೊರಗಿ ಸಂದು ಬೀಳುವುದುಂಟು.

ಇಲ್ಲಿ ಇಂಜೆಕ್ಷನ್ ಅಂದರೆ ಔಷಧಿ ಅಂದುಕೊಳ್ಳಬೇಡಿ, ಇದು ತುಂಬುವ ಕೆಲಸ. ನಿಂತುಹೋದ ತಂತುವಿನೊಳಗೆ ಸೂಜಿಯಿಂದ ಒಂದು ಜೆಲ್ ತುಂಬಿಸಿ ಅದನ್ನು ನಡುವಿಗೆ ದೂಡುತ್ತಾರೆ. ನರಕ್ಕೆ ಜೀವ ಬರುವುದಿಲ್ಲ. ಅಲುಗಾಡುವ ಕದಕ್ಕೆ ಒರಗಲು ಜೊತೆಗಾರ ಸಿಗುತ್ತಾನೆ, ಅಷ್ಟೇ. 1911ರಲ್ಲಿ ಜರ್ಮನಿಯ ಬ್ರೂನಿಂಗ್ಸ್ ಎಂಬ ವೈದ್ಯರು ಇದಕ್ಕೆ ಪ್ಯಾರಾಫಿನ್ ಬಳಸಿದ್ದರು. 1960ರ ದಶಕದಲ್ಲಿ ಟೆಫ್ಲಾನ್ ಬಂತು. ಕರಗದ ವಸ್ತು, ಒಂದೇ ಸಲಕ್ಕೆ ಮುಗಿಯಿತು ಅಂತ ಎಲ್ಲರಿಗೂ ಸಮಾಧಾನ. ವರ್ಷಗಳಾದ ಮೇಲೆ ಅದು ಒಳಗೇ ಗಂಟು ಕಟ್ಟಿ ಕಾಟ ಕೊಡತೊಡಗಿತು. ಈಗ ಬಳಸುವ ಹಯಲುರಾನಿಕ್ ಆಮ್ಲ ಕೆಲವು ತಿಂಗಳಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಒಂದು ವರ್ಷ ಅಥವಾ ಜಾಸ್ತಿ ಬಾಳುತ್ತದೆ. ರೋಗಿಯದೇ ಹೊಟ್ಟೆಯ ಕೊಬ್ಬು ತೆಗೆದು ತುಂಬುವುದೂ ಇದೆ. ಅದು ಎಷ್ಟು ಉಳಿಯುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ತರಹ.

ಎಷ್ಟೋ ಕಡೆ ಇದನ್ನು ಪ್ರಜ್ಞೆ ತಪ್ಪಿಸದೆ, ಎಚ್ಚರ ಇರುವಾಗಲೇ ಮಾಡುತ್ತಾರೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿದಿರುತ್ತದೆ, ಕತ್ತಿನ ಮುಂಭಾಗದಿಂದ ಸೂಜಿ. ನಡುನಡುವೆ ಡಾಕ್ಟರು ‘ಈ…’ ಅನ್ನಿ ಅನ್ನುತ್ತಾರೆ. ಮೊದಲ ‘ಈ’ ಬರೀ ಗಾಳಿ. ಇನ್ನೊಂದಿಷ್ಟು ಜೆಲ್. ಮುಂದಿನ ‘ಈ’ಯಲ್ಲಿ ದನಿ ಸಿಕ್ಕಿಬಿಡುತ್ತದೆ. ಅದನ್ನು ಎಲ್ಲರಿಗಿಂತ ಮೊದಲು ಗುರುತಿಸುವುದು ಆ ದನಿಯ ಒಡೆಯರೇ.

ಈಗ ತೃಪ್ತಿಯ ಮಾತಿಗೆ ಬರೋಣ. ದನಿ ಸುಧಾರಿಸಿತೇ ಅಂತ ಹೇಳಲು ಹೊರಗಿನ ಸಾಕ್ಷಿಗಳು ಬೇಕಾದಷ್ಟಿವೆ. ಕ್ಯಾಮೆರಾ ಇದೆ. ಸ್ಟಾಪ್‌ವಾಚ್ ಇದೆ: ಒಂದೇ ಉಸಿರಿಗೆ ‘ಆ…’ ಎಷ್ಟು ಹೊತ್ತು ಎಳೆಯುತ್ತೀರಿ? ಆರೋಗ್ಯವಂತರು 15–20 ಸೆಕೆಂಡ್ ಎಳೆಯಬಲ್ಲರು. ಸಂದು ದೊಡ್ಡದಿದ್ದರೆ ನಾಲ್ಕೈದು ಸೆಕೆಂಡಿಗೇ ಉಸಿರು ಖಾಲಿ. ಕಿವಿಯಿಂದ ಕೇಳಿ ಒರಟುತನ, ಸೋರಿಕೆಗೆ 0ಯಿಂದ 3ರವರೆಗೆ ಅಂಕ ಕೊಡುವ ಪದ್ಧತಿಯೂ ಇದೆ. ಆದರೆ ಇವೆಲ್ಲ ಬೇರೆಯವರ ಹೇಳಿಕೆ.

ರೋಗಿಯ ಹೇಳಿಕೆಗಾಗಿ 1997ರಲ್ಲಿ ಒಂದು ಪ್ರಶ್ನಾವಳಿ ಬಂತು, ‘ವಾಯ್ಸ್ ಹ್ಯಾಂಡಿಕ್ಯಾಪ್ ಇಂಡೆಕ್ಸ್’. 30 ಹೇಳಿಕೆಗಳು, ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 120. ಅಂಕ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. 2004ರಲ್ಲಿ ಇದನ್ನು 10 ಹೇಳಿಕೆಗಳಿಗೆ ಇಳಿಸಿದರು. ನನಗೆ ಇಷ್ಟವಾಗುವುದು ಅದು ಕೇಳುವ ರೀತಿ. ದನಿ ಇಂಪಾಗಿದೆಯೇ ಅನ್ನುವುದು ಅದರ ಚಿಂತೆ ಅಲ್ಲ. ಗದ್ದಲದಲ್ಲಿ ನಿಮ್ಮ ಮಾತು ಜನರಿಗೆ ತಿಳಿಯುತ್ತದೆಯೇ, ಫೋನ್ ಮಾಡುವುದನ್ನು ಕಡಿಮೆ ಮಾಡಿದ್ದೀರಾ, ದನಿಯಿಂದಾಗಿ ಸಂಪಾದನೆಗೆ ಪೆಟ್ಟು ಬಿದ್ದಿದೆಯೇ, ಇಂಥವನ್ನು ಕೇಳುತ್ತದೆ. ಇಂಜೆಕ್ಷನ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ತುಂಬಿಸಿ ಹೋಲಿಸುತ್ತಾರೆ. ಯಂತ್ರದ ಅಂಕಿ ಮತ್ತು ಈ ಅಂಕಿ ಎಷ್ಟೋ ಸಲ ತಾಳೆ ಆಗುವುದಿಲ್ಲ.

ಇಷ್ಟಾದರೂ ಈ ಅಂಕವೇ ತೃಪ್ತಿ ಅಲ್ಲ. ಅಂಕ ಹೇಳುವುದು ತೊಂದರೆ ಎಷ್ಟು ಇಳಿಯಿತು ಅಂತ. ಎಷ್ಟು ಇಳಿಯಬೇಕು ಅಂದುಕೊಂಡು ಬಂದಿದ್ದರು ಅನ್ನುವುದರ ಮೇಲೆ ತೃಪ್ತಿ ನಿಂತಿದೆ. ಗುಟುಕು ಗುಟುಕಿಗೂ ನೆತ್ತಿಗೇರಿಸಿಕೊಂಡು ಸುಸ್ತಾದವರಿಗೆ ಒಂದು ಲೋಟ ನೀರು ನೆಮ್ಮದಿಯಾಗಿ ಇಳಿದರೆ ಸಾಕು, ದನಿ ಹೇಗಾದರೂ ಇರಲಿ. ಹಾಡುವವರಿಗೆ ಮಾತಿನ ದನಿ ವಾಪಸ್ ಬಂದರೂ ಮೇಲಿನ ಸ್ವರ ಹತ್ತದಿದ್ದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಸೂಜಿ ಒಂದೇ, ಜೆಲ್ ಒಂದೇ. ‘ಸರಿಹೋಗುತ್ತೆ ಬಿಡಿ’ ಅಂತ ಸುಮ್ನೆ ಹೇಳಿ ಕಳಿಸುವುದಕ್ಕಿಂತ, ‘ಈ ದನಿಯಿಂದ ನಿಮಗೆ ಏನು ಕೆಲಸ ಆಗಬೇಕು?’ ಅಂತ ಮೊದಲೇ ಕೇಳುವ ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

‘ತೃಪ್ತಿ ಆಯಿತೇ?’ ಅಂತ ರೋಗಿಯನ್ನು ಯಾವ ದಿನ ಕೇಳುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಜೆಲ್‌ಗಳಲ್ಲಿ ನೀರಿನಂಶ ಇಂಗಿಹೋಗುವುದರಿಂದ ಸ್ವಲ್ಪ ಜಾಸ್ತಿಯೇ ತುಂಬಿಸಿರುತ್ತಾರೆ. ಜೊತೆಗೆ ಊತ. ಮೊದಲ ಕೆಲವು ದಿನ ದನಿ ಬಿಗಿಯಾಗಿ, ಹಿಸುಕಿದ ಹಾಗೆ ಇರುತ್ತದೆ. ಆಗ ಕೇಳಿದರೆ ಬೈಗುಳವೇ ಸಿಗಬಹುದು. ದನಿ ಸೆಟೆದು ತುಂಡುತುಂಡಾಗುವ ಕಾಯಿಲೆಗೆ ಕೊಡುವ ಬೊಟಾಕ್ಸ್ ಇಂಜೆಕ್ಷನ್ ಪೂರ್ತಿ ಬೇರೆ ಜಾತಿಯದು. ಅದು ತುಂಬುವುದಿಲ್ಲ, ಸೆಟೆದ ಸ್ನಾಯುವನ್ನು ಸಡಿಲಿಸುತ್ತದೆ. ಅಲ್ಲಿ ಮೊದಲ ಒಂದೆರಡು ವಾರ ದನಿ ಸೋರುತ್ತದೆ, ಆಮೇಲೆ ಒಳ್ಳೆಯ ದಿನಗಳು, ಮೂರು–ನಾಲ್ಕು ತಿಂಗಳಿಗೆ ಮತ್ತೆ ಸೂಜಿ.

ಕರಗುವ ಜೆಲ್ ಹಾಕಿಸಿಕೊಂಡವರಲ್ಲಿ ‘ಕರಗಿದ ಮೇಲೆ ಏನು ಗತಿ?’ ಅನ್ನುವ ಭಯ ಇದ್ದೇ ಇರುತ್ತದೆ. ಕೆಲವರಿಗೆ ಮತ್ತೆ ತುಂಬಿಸಬೇಕಾಗುತ್ತದೆ, ಇಲ್ಲವೇ ಶಾಶ್ವತ ಆಪರೇಷನ್‌ಗೆ ಹೋಗಬೇಕಾಗುತ್ತದೆ. ಆದರೆ ಏಟು ತಿಂದ ನರ ಎಷ್ಟೋ ಸಲ ಆರು ತಿಂಗಳು, ಒಂದು ವರ್ಷದಲ್ಲಿ ತಾನೇ ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಜೆಲ್ ಇಷ್ಟಿಷ್ಟೇ ಇಂಗಿಹೋಗಿರುತ್ತದೆ, ಕದ ಮತ್ತೆ ಅಲುಗಾಡತೊಡಗಿರುತ್ತದೆ. ಯಾವ ದಿನ ಯಾವುದು ಹೋಗಿ ಯಾವುದು ಬಂತು ಅಂತ ಮಾತಾಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ಕೇಳಿದರೆ, ‘ಆ ಇಂಜೆಕ್ಷನ್ ಇನ್ನೂ ಕೆಲಸ ಮಾಡ್ತಿದೆ’ ಅನ್ನುತ್ತಾರೆ.