ಆಬ್ಲಿವಿಯನ್ ಲೆವೆಲ್ ಲೆಕ್ಕ: ಹತ್ತು ಮೇಜರ್, ಇಪ್ಪತ್ತು ಮೈನರ್

ಇದು 2006ರ ಹಳೇ ಆಬ್ಲಿವಿಯನ್ ಅನ್ನುವ ವಿಡಿಯೋ ಗೇಮ್ ಬಗ್ಗೆ. 2025ರ ಏಪ್ರಿಲ್‌ನಲ್ಲಿ ಬಂದ ಅದರ ಹೊಸ ರೂಪ ರೀಮಾಸ್ಟರ್‌ನಲ್ಲಿ ಲೆಕ್ಕ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಎರಡು ವಾರ ಇದರಲ್ಲೇ ತಲೆ ಕೆಡಿಸಿಕೊಂಡು ಕೂತಿದ್ದೆ. ನಿನ್ನೆ ರಾತ್ರಿ ಕೊನೆಗೂ ಲೆಕ್ಕ ಕೂಡಿಬಂತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಜನಾಂಗ ಆರಿಸುವುದು, ಓಡಾಡುವುದು, ಕತ್ತಿ ಬೀಸುವುದು ಇದೆಲ್ಲ ನಿಮಗೆ ಬರುತ್ತೆ ಅಂದುಕೊಂಡೇ ಮುಂದೆ ಹೋಗ್ತೀನಿ.

ಮೊದಲು ಏನಾಯಿತು ಅಂತ ಹೇಳಿಬಿಡುತ್ತೇನೆ. ನನ್ನ ಮೊದಲ ಪಾತ್ರಕ್ಕೆ ನಾನು ದಿನಾ ಬಳಸುವ ಸ್ಕಿಲ್‌ಗಳನ್ನೇ ಮೇಜರ್ (ಲೆವೆಲ್ ಏರಿಸುವ ಮುಖ್ಯ ಸ್ಕಿಲ್) ಮಾಡಿಕೊಂಡಿದ್ದೆ. ಅಥ್ಲೆಟಿಕ್ಸ್, ಆಕ್ರೋಬ್ಯಾಟಿಕ್ಸ್, ಲೈಟ್ ಆರ್ಮರ್, ಬ್ಲೇಡ್ ಹೀಗೆ. ಸಹಜವಾಗಿ ಯಾರಿಗಾದರೂ ಹಾಗೇ ಅನಿಸುತ್ತೆ, ಅಲ್ವಾ? ಓಡಿದರೆ ಅಥ್ಲೆಟಿಕ್ಸ್ ಏರುತ್ತೆ, ಹಾರಿದರೆ ಆಕ್ರೋಬ್ಯಾಟಿಕ್ಸ್ ಏರುತ್ತೆ, ಲೆವೆಲ್ ಸರಸರ ಮೇಲೆ ಹೋಗುತ್ತೆ. ತುಂಬಾ ಖುಷಿಯಲ್ಲಿದ್ದೆ. ಲೆವೆಲ್ 21ಕ್ಕೆ ಬಂದಾಗ ದಾರಿಬದಿಯ ಒಬ್ಬ ದರೋಡೆಕೋರ ಗಾಜಿನ ಕವಚ ಹಾಕಿಕೊಂಡು ಬಂದ. ನಾನು ಹೊಡೆಯುತ್ತಲೇ ಇದ್ದೇನೆ, ಅವನ ರಕ್ತದ ಪಟ್ಟಿ ಕೂದಲೆಳೆಯಷ್ಟು ಮಾತ್ರ ಇಳಿಯುತ್ತಿದೆ. ನನ್ನ ಹತ್ತಿರ ಇದ್ದ ಹನ್ನೊಂದು ಔಷಧಿ ಸೀಸೆಗಳೂ ಖಾಲಿಯಾದವು. ಲೆವೆಲ್ 3ರಲ್ಲಿ ಇದೇ ಥರದ ದರೋಡೆಕೋರರನ್ನು ಮೂರು ನಾಲ್ಕು ಏಟಿಗೆ ಕೆಡವುತ್ತಿದ್ದೆ. ಅಂದರೆ ಬೆಳೆದಷ್ಟೂ ದುರ್ಬಲಳಾಗಿದ್ದೆ. ಅವತ್ತು ನಿಜಕ್ಕೂ ತುಂಬಾ ಬೇಜಾರಾಯಿತು, ಆ ಪಾತ್ರದ ಜೊತೆ ನಲವತ್ತು ಗಂಟೆಗೂ ಜಾಸ್ತಿ ಕಳೆದಿದ್ದೆ.

ಕಾರಣ ಇಷ್ಟೆ. ಈ ಆಟದಲ್ಲಿ ನಿಮ್ಮ ಲೆವೆಲ್ ಏರಿದರೆ ಶತ್ರುಗಳೂ ಏರುತ್ತಾರೆ. ಲೆವೆಲ್ ಏರಿದಾಗ ನಿಮ್ಮ ಬಲವೂ ಅಷ್ಟೇ ಏರಬೇಕು. ಏರದಿದ್ದರೆ ಲೆವೆಲ್ ನಿಮಗೆ ಲಾಭ ಅಲ್ಲ, ಶತ್ರುವಿಗೆ ಲಾಭ.

ಲೆವೆಲ್ ಹೇಗೆ ಏರುತ್ತೆ

ಒಟ್ಟು 21 ಸ್ಕಿಲ್. ಅದರಲ್ಲಿ 7 ಮೇಜರ್, ಉಳಿದ 14 ಮೈನರ್. ಮೇಜರ್‌ಗಳೆಲ್ಲ ಸೇರಿ 10 ಸಲ ಏರಿದರೆ ಒಂದು ಲೆವೆಲ್ ಸಿದ್ಧ. ಆಮೇಲೆ ಯಾವುದಾದರೂ ಹಾಸಿಗೆಯಲ್ಲಿ ಮಲಗಿ ಎದ್ದರೆ ಲೆವೆಲ್ ಸಿಗುತ್ತೆ. ಆಗ ಮೂರು ಆಟ್ರಿಬ್ಯೂಟ್ (ಬಲ, ವೇಗದಂಥ ಮೂಲ ಗುಣ) ಆರಿಸಿ ಹೆಚ್ಚಿಸಿಕೊಳ್ಳಬಹುದು.

ಆಟ್ರಿಬ್ಯೂಟ್ 8. ಲಕ್ ಬಿಟ್ಟು ಉಳಿದ ಏಳರ ಕೆಳಗೂ ಮೂರು ಮೂರು ಸ್ಕಿಲ್ ಇವೆ. ಇದನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ:

ಸ್ಟ್ರೆಂತ್: ಬ್ಲೇಡ್, ಬ್ಲಂಟ್, ಹ್ಯಾಂಡ್ ಟು ಹ್ಯಾಂಡ್.
ಎಂಡ್ಯೂರೆನ್ಸ್ (ತಾಳಿಕೆ): ಆರ್ಮರರ್ (ರಿಪೇರಿ), ಬ್ಲಾಕ್ (ಏಟು ತಡೆಯುವುದು), ಹೆವಿ ಆರ್ಮರ್.
ಸ್ಪೀಡ್: ಅಥ್ಲೆಟಿಕ್ಸ್, ಆಕ್ರೋಬ್ಯಾಟಿಕ್ಸ್, ಲೈಟ್ ಆರ್ಮರ್.
ಅಜಿಲಿಟಿ: ಸೆಕ್ಯುರಿಟಿ, ಸ್ನೀಕ್, ಮಾರ್ಕ್ಸ್‌ಮನ್.
ಇಂಟೆಲಿಜೆನ್ಸ್: ಆಲ್ಕೆಮಿ, ಕಾಂಜುರೇಶನ್, ಮಿಸ್ಟಿಸಿಸಂ.
ವಿಲ್‌ಪವರ್: ಡಿಸ್ಟ್ರಕ್ಷನ್, ಆಲ್ಟರೇಶನ್, ರೆಸ್ಟೊರೇಶನ್.
ಪರ್ಸನಾಲಿಟಿ: ಮರ್ಕಂಟೈಲ್, ಸ್ಪೀಚ್‌ಕ್ರಾಫ್ಟ್, ಇಲ್ಯೂಶನ್.

ಒಂದು ಲೆವೆಲ್‌ನಿಂದ ಇನ್ನೊಂದಕ್ಕೆ ಹೋಗುವ ಮಧ್ಯೆ ಆ ಮೂರು ಸ್ಕಿಲ್ ಸೇರಿ ಎಷ್ಟು ಸಲ ಏರಿದವು ಅನ್ನುವುದರ ಮೇಲೆ ಆ ಆಟ್ರಿಬ್ಯೂಟ್‌ಗೆ ಬೋನಸ್ ಬರುತ್ತೆ. ಒಂದೂ ಏರದಿದ್ದರೆ +1. 1ರಿಂದ 4 ಏರಿದರೆ +2. 5ರಿಂದ 7ಕ್ಕೆ +3. 8 ಅಥವಾ 9ಕ್ಕೆ +4. 10 ಅಥವಾ ಜಾಸ್ತಿ ಏರಿದರೆ +5. ಹತ್ತು ದಾಟಿದ ಮೇಲೆ ಹನ್ನೆರಡಾದರೂ ಇಪ್ಪತ್ತಾದರೂ +5 ಮಾತ್ರ, ಹೆಚ್ಚಿನದು ಮುಂದಿನ ಲೆವೆಲ್‌ಗೆ ಉಳಿಯೋದಿಲ್ಲ.

ನಾನು ಎಡವಿದ ಜಾಗ

ಇಲ್ಲಿ ನಿಧಾನವಾಗಿ ಓದಿ. ನನಗೆ ಇದು ಹತ್ತು ಸಲ ಓದಿದರೂ ತಲೆಗೆ ಹೋಗಿರಲಿಲ್ಲ.

ಎರಡು ಕಡೆಯೂ 'ಹತ್ತು' ಅನ್ನುವ ಸಂಖ್ಯೆ ಬರುತ್ತೆ. ಲೆವೆಲ್‌ಗೂ ಹತ್ತು, +5 ಬೋನಸ್‌ಗೂ ಹತ್ತು. ನಾನು ಎರಡೂ ಒಂದೇ ಹತ್ತು ಅಂದುಕೊಂಡಿದ್ದೆ. ಅಲ್ಲ. ಲೆವೆಲ್‌ನ ಹತ್ತಕ್ಕೆ ಮೇಜರ್ ಮಾತ್ರ ಲೆಕ್ಕ. ಬೋನಸ್‌ನ ಹತ್ತಕ್ಕೆ ಮೇಜರ್, ಮೈನರ್ ಎರಡೂ ಲೆಕ್ಕ.

ಈಗ ಕೂಡಿಸಿ ನೋಡಿ. ಮೂರು ಆಟ್ರಿಬ್ಯೂಟ್‌ಗೂ +5 ಬೇಕು ಅಂದರೆ ಒಂದೊಂದಕ್ಕೂ 10, ಒಟ್ಟು 30 ಏರಿಕೆ ಬೇಕು. ಆದರೆ ಮೇಜರ್ 10 ಸಲ ಏರಿದ ಕೂಡಲೇ ಲೆವೆಲ್ ಸಿದ್ಧವಾಗಿಬಿಡುತ್ತೆ. ಹಾಗಾದರೆ ಉಳಿದ 20 ಎಲ್ಲಿಂದ ಬರಬೇಕು? ಮೈನರ್‌ನಿಂದಲೇ. ಬೇರೆ ಎಲ್ಲಿಂದಲೂ ಬರೋದಿಲ್ಲ. ಅಂದರೆ ನಿಮ್ಮನ್ನು ಗಟ್ಟಿ ಮಾಡುವುದು ಮೈನರ್ ಸ್ಕಿಲ್‌ಗಳು, ಮೇಜರ್‌ಗಳು ಗಡಿಯಾರ ಓಡಿಸುತ್ತವೆ ಅಷ್ಟೆ. ಈ ಒಂದು ವಾಕ್ಯ ಅರ್ಥವಾದ ದಿನ ಇಡೀ ಆಟವೇ ಬೇರೆಯಾಗಿ ಕಾಣಿಸಿತು.

ನನ್ನ ಹಳೇ ಪಾತ್ರದ ಒಂದು ಲೆವೆಲ್ ತೆಗೆದುಕೊಳ್ಳಿ. ಆಕ್ರೋಬ್ಯಾಟಿಕ್ಸ್ 4, ಅಥ್ಲೆಟಿಕ್ಸ್ 3, ಲೈಟ್ ಆರ್ಮರ್ 2, ಬ್ಲೇಡ್ 1. ಎಲ್ಲ ಮೇಜರ್, ಒಟ್ಟು 10, ಲೆವೆಲ್ ಬಂತು. ಸ್ಪೀಡ್‌ಗೆ 9 ಏರಿಕೆ, ಆದ್ದರಿಂದ +4. ಸ್ಟ್ರೆಂತ್‌ಗೆ 1 ಏರಿಕೆ, +2. ಮೂರನೆಯದಕ್ಕೆ ಏನೂ ಇಲ್ಲ, +1. ಒಟ್ಟು ಸಿಕ್ಕಿದ್ದು 7. ಅದರಲ್ಲೂ ಹೆಚ್ಚಿನದು ಓಡುವ ವೇಗಕ್ಕೆ ಹೋಯಿತು, ಹೊಡೆತಕ್ಕೂ ಆಯಸ್ಸಿಗೂ ಅಲ್ಲ.

ಈಗಿನ ಪಾತ್ರದ ಒಂದು ಲೆವೆಲ್ ನೋಡಿ. ಬ್ಲೇಡ್ 6 ಮತ್ತು ಹೆವಿ ಆರ್ಮರ್ 4, ಇವೆರಡು ಮೇಜರ್, ಸೇರಿ 10. ಬ್ಲಂಟ್ 4, ಬ್ಲಾಕ್ 3, ಆರ್ಮರರ್ 3, ರೆಸ್ಟೊರೇಶನ್ 10, ಇವು ಮೈನರ್, ಸೇರಿ 20. ಸ್ಟ್ರೆಂತ್‌ಗೆ 6 ಮತ್ತು 4 ಸೇರಿ 10. ಎಂಡ್ಯೂರೆನ್ಸ್‌ಗೆ 4, 3, 3 ಸೇರಿ 10. ವಿಲ್‌ಪವರ್‌ಗೆ ರೆಸ್ಟೊರೇಶನ್ ಒಂದರಿಂದಲೇ 10. ಮೂರಕ್ಕೂ +5, ಒಟ್ಟು 15. ಅದೇ ಒಂದು ಲೆವೆಲ್, ಎರಡರಷ್ಟಕ್ಕಿಂತ ಜಾಸ್ತಿ ಬಲ. ಹತ್ತು ಲೆವೆಲ್ ಆದ ಮೇಲೆ ಒಂದು ಕಡೆ 70, ಇನ್ನೊಂದು ಕಡೆ 150. ಶತ್ರುಗಳು ಮಾತ್ರ ಎರಡೂ ಕಡೆ ಒಂದೇ.

ಮೇಜರ್ ಆರಿಸುವ ನನ್ನ ದಾರಿ

ಏಳು ಮೇಜರ್, ಲಕ್ ಬಿಟ್ಟರೆ ಏಳು ಆಟ್ರಿಬ್ಯೂಟ್. ಒಂದೊಂದರಿಂದ ಒಂದೊಂದೇ ಮೇಜರ್ ತೆಗೆದುಕೊಳ್ಳಿ. ಆಗ ಪ್ರತಿ ಆಟ್ರಿಬ್ಯೂಟ್‌ನ ಕೆಳಗೂ ಎರಡು ಮೈನರ್ ಉಳಿಯುತ್ತವೆ, ಯಾವುದನ್ನು ಬೇಕಾದರೂ ಲೆವೆಲ್ ಏರಿಸದೆ ಹತ್ತಕ್ಕೆ ತರಬಹುದು. ನನಗೆ ಇಡೀ ಆಟದಲ್ಲಿ ಅತಿ ಇಷ್ಟವಾದ ಉಪಾಯ ಇದೇ.

ನಾನು ತೆಗೆದುಕೊಂಡಿದ್ದು ಬ್ಲೇಡ್, ಹೆವಿ ಆರ್ಮರ್, ಲೈಟ್ ಆರ್ಮರ್, ಸೆಕ್ಯುರಿಟಿ, ಕಾಂಜುರೇಶನ್, ಡಿಸ್ಟ್ರಕ್ಷನ್, ಸ್ಪೀಚ್‌ಕ್ರಾಫ್ಟ್. ಹೆವಿ ಹಾಕಿಕೊಳ್ಳುವವಳಿಗೆ ಲೈಟ್ ಆರ್ಮರ್ ಯಾಕೆ ಅಂತ ತಮ್ಮನೂ ಕೇಳಿದ. ಅದನ್ನು ನಾನು ಮೈಮೇಲೆ ಹಾಕೋದೇ ಇಲ್ಲ, ಆದ್ದರಿಂದ ಅದು ಏರೋದೂ ಇಲ್ಲ. ಸ್ಪೀಡ್ ಕಡೆಯ ಮೇಜರ್ ಜಾಗ ಅದಕ್ಕೆ ಹೋದರೆ ಅಥ್ಲೆಟಿಕ್ಸ್ ಮತ್ತು ಆಕ್ರೋಬ್ಯಾಟಿಕ್ಸ್ ಮೈನರ್ ಆಗಿ ಉಳಿಯುತ್ತವೆ. ಎಷ್ಟು ಓಡಿದರೂ ಹಾರಿದರೂ ಲೆವೆಲ್ ಕದಲೋದಿಲ್ಲ. ಈ ಎರಡನ್ನು ಮೇಜರ್ ಮಾತ್ರ ಮಾಡಬೇಡಿ, ದಯವಿಟ್ಟು. ಆಲ್ಕೆಮಿಯನ್ನೂ ನಾನು ಮೇಜರ್ ಮಾಡೋದಿಲ್ಲ. ಒಂದು ಸಲ ಕೂತು ಇರೋ ತರಕಾರಿ ಹಣ್ಣನ್ನೆಲ್ಲ ಅರೆದು ಮದ್ದು ಮಾಡಿದರೆ ಅದು ಸರಸರ ಏರಿ ಲೆವೆಲ್ ಕೈಮೀರಿ ಹೋಗುತ್ತೆ.

ಕ್ಲಾಸ್ (ಮೇಜರ್‌ಗಳು ಯಾವುವು ಅಂತ ಗೊತ್ತುಮಾಡುವ ಪಾತ್ರದ ವರ್ಗ) ತಪ್ಪಾಗಿ ಆರಿಸಿದೆ ಅನಿಸಿದರೆ ಹೆದರಬೇಡಿ. ಮೊದಲ ಸುರಂಗದಿಂದ ಹೊರಗೆ ಬರುವ ಬಾಗಿಲಲ್ಲಿ ಜನಾಂಗ, ಕ್ಲಾಸ್, ಜನ್ಮರಾಶಿ ಎಲ್ಲವನ್ನೂ ಬದಲಿಸಲು ಒಂದು ಅವಕಾಶ ಕೊಡುತ್ತಾರೆ. ಆ ಬಾಗಿಲಿನ ಮುಂದೆ ಒಂದು ಸೇವ್ ಮಾಡಿ ಬೇರೆ ಇಟ್ಟುಕೊಳ್ಳಿ. ಮುಂದಿನ ಪಾತ್ರಕ್ಕೆ ಆಟ ಶುರುವಾಗುವ ಸೆರೆಮನೆಯಿಂದ ಮತ್ತೆ ಶುರು ಮಾಡಬೇಕಾಗಿಲ್ಲ.

ಎಂಡ್ಯೂರೆನ್ಸ್ ಮೊದಲು

ಪ್ರತಿ ಲೆವೆಲ್‌ಗೂ ನಿಮ್ಮ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ ಆರೋಗ್ಯಕ್ಕೆ ಸೇರುತ್ತೆ. ಇದು ಹಿಂದಕ್ಕೆ ಹೋಗಿ ಸೇರೋದಿಲ್ಲ. ಎಂಡ್ಯೂರೆನ್ಸ್ 40 ಇದ್ದಾಗ ಲೆವೆಲ್‌ಗೆ 4 ಸಿಕ್ಕಿತು ಅಂದರೆ ಅದು 4 ಅಷ್ಟೆ, ಆಮೇಲೆ 100 ಮಾಡಿಕೊಂಡರೂ ಹಳೆಯ 4 ಹತ್ತಾಗೋದಿಲ್ಲ.

40ರಿಂದ 100ಕ್ಕೆ ಐದೈದರಂತೆ ಹೋಗಲು 12 ಲೆವೆಲ್ ಬೇಕು. ಒಬ್ಬರು ಮೊದಲ 12 ಲೆವೆಲ್‌ನಲ್ಲೇ ಮುಗಿಸಿದರು, ಇನ್ನೊಬ್ಬರು ಮೊದಲ 12 ಸುಮ್ನೆ ಬಿಟ್ಟು ಮುಂದಿನ 12ರಲ್ಲಿ ಏರಿಸಿದರು ಅಂತಿಟ್ಟುಕೊಳ್ಳಿ. ಇಬ್ಬರದೂ ಏರುವ 12 ಲೆವೆಲ್‌ಗಳ ಲೆಕ್ಕ ಒಂದೇ. ವ್ಯತ್ಯಾಸ ಏರದ 12ರಲ್ಲಿದೆ. ಮೊದಲನೆಯವರು ಅಲ್ಲಿ ಲೆವೆಲ್‌ಗೆ 10ರಂತೆ 120 ಪಡೆದರು, ಎರಡನೆಯವರು 4ರಂತೆ 48 ಪಡೆದರು. 72 ಆರೋಗ್ಯ ಹೋಯಿತು, ಮತ್ತೆ ಸಿಗೋದಿಲ್ಲ. ಆದ್ದರಿಂದ ಲೆವೆಲ್ 2ರಿಂದಲೇ ಮೂರರಲ್ಲಿ ಒಂದು ಆಯ್ಕೆ ಎಂಡ್ಯೂರೆನ್ಸ್ ಆಗಲೇಬೇಕು, ನೂರು ಮುಟ್ಟುವ ತನಕ.

ಮೈನರ್ ಏರಿಸುವ ಕೆಲಸ

ಬ್ಲಾಕ್‌ಗೆ ಕೆರೆದಂಡೆಯ ಕೆಸರೇಡಿ ಸಾಕು. ಗುರಾಣಿ ಎತ್ತಿ ಹಿಡಿದು ಅದರ ಮುಂದೆ ನಿಲ್ಲಿ, ಅದು ಕುಟ್ಟುತ್ತಾ ಇರಲಿ. ಗುರಾಣಿ ಸವೆದರೆ ಸುತ್ತಿಗೆಯಿಂದ ರಿಪೇರಿ ಮಾಡಿ, ಅದು ಆರ್ಮರರ್‌ಗೆ ಹೋಯಿತು. ಒಂದು ಏಡಿಯಿಂದ ಎಂಡ್ಯೂರೆನ್ಸ್‌ಗೆ ಎರಡು ಕಡೆ ಗಳಿಕೆ. ಆರ್ಮರರ್ 50 ಆಗುವ ತನಕ ಮಾಯಾವಸ್ತುಗಳ ರಿಪೇರಿ ನಿಮ್ಮ ಕೈಯಲ್ಲಾಗೋದಿಲ್ಲ, 100 ಆದಮೇಲೆ ಸುತ್ತಿಗೆ ಮುರಿಯೋದೇ ಇಲ್ಲ.

ಮಂತ್ರಗಳಲ್ಲಿ ಸ್ಕಿಲ್ ಏರುವುದು ಎಷ್ಟು ಸಲ ಹಾಕಿದಿರಿ ಅನ್ನುವುದರ ಮೇಲೆ, ಎಷ್ಟು ದುಬಾರಿ ಅನ್ನುವುದರ ಮೇಲೆ ಅಲ್ಲ. ಹಾಗಾಗಿ ಶುರುವಿನಲ್ಲೇ ಸಿಗುವ ಚಿಕ್ಕ ಗಾಯ ವಾಸಿ ಮಾಡುವ ಮಂತ್ರವನ್ನೇ ನಡೆಯುತ್ತಾ ನಡೆಯುತ್ತಾ ಹಾಕಿಕೊಳ್ಳಿ, ಗಾಯ ಇಲ್ಲದಿದ್ದರೂ ರೆಸ್ಟೊರೇಶನ್ ಏರುತ್ತೆ. ಡಿಸ್ಟ್ರಕ್ಷನ್ ಮಾತ್ರ ಯಾರಿಗಾದರೂ ತಗುಲಬೇಕು.

ದುಡ್ಡು ಕೊಟ್ಟು ಗುರುಗಳ ಹತ್ತಿರ ಕಲಿಯುವುದೂ ಬೋನಸ್ ಲೆಕ್ಕಕ್ಕೆ ಬರುತ್ತೆ, ಒಂದು ಲೆವೆಲ್‌ಗೆ 5 ಸಲ ಮಾತ್ರ. ಆ ಐದನ್ನೂ ನನಗೆ ಆಡಲು ಬೇಸರವಾಗುವ ಮೈನರ್‌ಗೆ ಇಡುತ್ತೇನೆ, ಹೆಚ್ಚಾಗಿ ಬ್ಲಂಟ್‌ಗೆ.

ಗೀಟು ಹಾಕುವುದು

ಇದಿಲ್ಲದೆ ಮೇಲಿನದು ಯಾವುದೂ ನಡೆಯೋದಿಲ್ಲ. ಒಂದು ಹಾಳೆಯಲ್ಲಿ ಏಳು ಸಾಲು, ಆಟ್ರಿಬ್ಯೂಟ್‌ಗೆ ಒಂದರಂತೆ. ಸ್ಕಿಲ್ ಏರಿದಾಗ ಪರದೆಯಲ್ಲಿ ಮಾತು ಬರುತ್ತಲ್ಲ, ಆಗ ಆ ಸಾಲಿನಲ್ಲಿ ಒಂದು ಗೀಟು. ಮೇಜರ್ ಆದರೆ ಗೀಟಿನ ಸುತ್ತ ಒಂದು ಸೊನ್ನೆ. ಸೊನ್ನೆಗಳು ಹತ್ತಾಗುವ ಮುಂಚೆ ಮೂರು ಸಾಲಿನಲ್ಲಿ ಹತ್ತು ಹತ್ತು ಗೀಟು ಬರಬೇಕು. ಮನೆಯಲ್ಲಿ ಹಾಳೆ ತಮ್ಮನ ಕೈಯಲ್ಲಿರುತ್ತೆ, "ಅಕ್ಕಾ, ಮೇಜರ್ ಮುಟ್ಟಬೇಡ, ಎಂಡ್ಯೂರೆನ್ಸ್‌ಗೆ ಇನ್ನೂ ಎರಡು ಬೇಕು" ಅಂತ ಕೂಗುತ್ತಾನೆ.

ಅವನು ಹೇಳುವುದರಲ್ಲೇ ಇನ್ನೊಂದು ಪಾಠ ಇದೆ. ಸೊನ್ನೆ ಹತ್ತರ ಹತ್ತಿರ ಬಂದು ಗೀಟು ಇನ್ನೂ ಬಾಕಿ ಇದ್ದರೆ ಮೊದಲು ಮೈನರ್ ಏರಿಸಿ ಮುಗಿಸಿ. ಹತ್ತನೇ ಸೊನ್ನೆ ಬೀಳುವ ಮುಂಚೆ ಏರಿಸಿದ ಮೈನರ್‌ಗಳು ಇದೇ ಲೆವೆಲ್‌ನ ಬೋನಸ್‌ಗೆ ಸೇರುತ್ತವೆ. ಆ ಸಮಯದಲ್ಲಿ ಮೇಜರ್ ಮುಟ್ಟಬೇಡಿ. ನಾನು ಹೆವಿ ಆರ್ಮರ್ ಬಿಚ್ಚಿಟ್ಟು ಬರೀ ಗುರಾಣಿ ಹಿಡಿದು ಏಡಿ ಹತ್ತಿರ ಹೋಗ್ತೀನಿ.

ಮೂವತ್ತು ಗೀಟು ಪ್ರತಿ ಸಲವೂ ಸುಸ್ತು ಮಾಡುತ್ತೆ. ಈಗ ನಾನು ಹೆಚ್ಚಾಗಿ ಎರಡಕ್ಕೆ +5, ಮೂರನೆಯದಾಗಿ ಲಕ್ ತೆಗೆದುಕೊಳ್ಳುತ್ತೇನೆ. ಲಕ್‌ಗೆ ಸ್ಕಿಲ್ ಇಲ್ಲ, ಯಾವಾಗಲೂ +1 ಮಾತ್ರ, ಆದರೆ ಅದು 50 ದಾಟಿದಂತೆ ಬಹಳಷ್ಟು ಸ್ಕಿಲ್‌ಗಳಿಗೆ ಸ್ವಲ್ಪ ಸ್ವಲ್ಪ ಸಹಾಯ ಮಾಡುತ್ತೆ. ಹೀಗೆ ಮಾಡಿದರೆ 20 ಗೀಟು ಸಾಕು, 10 ಮೇಜರ್, 10 ಮೈನರ್. ಆಟ ಆಟವಾಗಿಯೇ ಉಳಿಯುತ್ತೆ.

ಕ್ವಾಚ್ ಮತ್ತು ರೀಮಾಸ್ಟರ್

ಕ್ವಾಚ್ ಊರನ್ನು ಉಳಿಸುವ ಕೆಲಸವನ್ನು ಕಡಿಮೆ ಲೆವೆಲ್‌ನಲ್ಲೇ ಮುಗಿಸಿ. ಆಗ ಅಲ್ಲಿ ತೆರೆದಿರುವ ರಾಕ್ಷಸ ಲೋಕದ ಗೇಟಿನಿಂದ ಬರುವವರು ಹೆಚ್ಚಾಗಿ ಸ್ಕ್ಯಾಂಪ್ ಅನ್ನುವ ಸಣ್ಣ ರಾಕ್ಷಸರು. ಲೆವೆಲ್ 20 ದಾಟಿ ಹೋದರೆ ದೊಡ್ಡ ದೊಡ್ಡ ರಾಕ್ಷಸರು ಬರುತ್ತಾರೆ, ನಿಮ್ಮ ಜೊತೆ ಹೋರಾಡುವ ಕಾವಲಿನವರು ಕಣ್ಣೆದುರೇ ಬೀಳುತ್ತಾರೆ. ಮೊದಲ ಸಲ ನಾನು ತಡವಾಗಿ ಹೋಗಿ ಅದನ್ನು ನೋಡಿದ್ದೇನೆ.

ರೀಮಾಸ್ಟರ್‌ನಲ್ಲಿ ಈ ಗೀಟು ಬೇಡ. ಲೆವೆಲ್‌ಗೆ 12 ಅಂಕ ಕೊಡುತ್ತಾರೆ, ಒಂದು ಆಟ್ರಿಬ್ಯೂಟ್‌ಗೆ ಹೆಚ್ಚೆಂದರೆ 5 ಹಾಕಬಹುದು, ಲಕ್ ಒಂದು ಏರಬೇಕಾದರೆ 4 ಅಂಕ ಬೇಕು. ಮೈನರ್ ಸ್ಕಿಲ್‌ಗಳೂ ಅಲ್ಲಿ ಲೆವೆಲ್‌ಗೆ ಸೇರುತ್ತವೆ, ಆದ್ದರಿಂದ ಮೇಲೆ ಬರೆದ ಮೇಜರ್ ಆಯ್ಕೆಯ ಉಪಾಯವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ನನ್ನ ಈಗಿನ ಪಾತ್ರ ಲೆವೆಲ್ 9ರಲ್ಲಿದೆ, ಎಂಡ್ಯೂರೆನ್ಸ್ 80, ಹಾಳೆಯಲ್ಲಿ ಇವತ್ತು ಆರು ಸೊನ್ನೆ.